ಕಿವಿ ಚುಚ್ಚಿಸಿದ ಮೇಲೆ ಓಲೆ ತಿರುಗಿಸುತ್ತಿರಬೇಕೇ? ಅರಿಶಿನ ಹಚ್ಚಬೇಕೇ?

ಮಗುವಿಗೆ ಕಿವಿ ಚುಚ್ಚಿಸಿದ ಫೋಟೋ ಫ್ಯಾಮಿಲಿ ಗ್ರೂಪ್‌ಗೆ ಬಿದ್ದರೆ ಸಾಕು, ಸಲಹೆಗಳು ಶುರು. ಓಲೆ ದಿನಾ ತಿರುಗಿಸಿ, ಇಲ್ಲದಿದ್ದರೆ ಮಾಂಸಕ್ಕೆ ಅಂಟಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿ. ದಿನಕ್ಕೆರಡು ಸಲ ಸ್ಪಿರಿಟ್‌ನಲ್ಲಿ ಒರೆಸಿ. ಓಲೆ ಬೇಡ, ಬೇವಿನ ಕಡ್ಡಿ ಹಾಕಿ. ಕೀವು ಬಂದರೆ ತಕ್ಷಣ ಓಲೆ ತೆಗೆದುಬಿಡಿ.

ಹೇಳುವವರೆಲ್ಲ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ಸಲಹೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಎಲ್ಲವೂ ಆ ತೂತಿಗೆ ಏನಾದರೊಂದು ಮಾಡುತ್ತಲೇ ಇರಿ ಎನ್ನುತ್ತವೆ. ಹೊಸದಾಗಿ ಚುಚ್ಚಿದ ಕಿವಿಗೆ ಬೇಕಾಗಿರುವುದು ಹೆಚ್ಚುಕಡಿಮೆ ಇದರ ವಿರುದ್ಧ. ಅದು ಹೇಗೆ ಮಾಯುತ್ತದೆ ಎಂದು ತಿಳಿದರೆ ಕಾರಣ ಅರ್ಥವಾಗುತ್ತದೆ.

ಒಳಗೆ ನಡೆಯುವುದೇನು?

ಕಿವಿಯ ತೂತು ಒಂದು ಗಾಯ. ಕೈ ಕುಯ್ದುಕೊಂಡಾಗ ಎರಡು ಬದಿಯ ಚರ್ಮ ಕೂಡಿಕೊಂಡು ಗಾಯ ಮುಚ್ಚುತ್ತದೆ. ಇಲ್ಲಿ ಮಧ್ಯದಲ್ಲಿ ಲೋಹದ ತಂತಿ ಇರುವುದರಿಂದ ಮುಚ್ಚಲು ಸಾಧ್ಯವಿಲ್ಲ. ಹಾಗಾಗಿ ಚರ್ಮ ಮುಂದಿನಿಂದಲೂ ಹಿಂದಿನಿಂದಲೂ ತಂತಿಯ ಸುತ್ತ ಒಳಮುಖವಾಗಿ ಬೆಳೆದು, ಕೊನೆಗೆ ನಡುವೆ ಸೇರುತ್ತದೆ. ಸಣ್ಣ ಪೈಪಿಗೆ ಒಳಗಿನಿಂದ ಲೈನಿಂಗ್ ಹಾಕಿದ ಹಾಗೆ. ಕಿವಿಯ ಹಾಲೆಯಲ್ಲಿ, ಅಂದರೆ ಕೆಳಗಿನ ಮೆತ್ತನೆಯ ಭಾಗದಲ್ಲಿ, ಇದಕ್ಕೆ ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಕಿವಿಯ ಮೇಲ್ಭಾಗದ ಗಟ್ಟಿ ಜಾಗದಲ್ಲಿ ಹಲವು ತಿಂಗಳು, ಕೆಲವರಿಗೆ ಒಂದು ವರ್ಷವೂ ಹಿಡಿಯುತ್ತದೆ.

ಹೊರಗಿನ ಚರ್ಮ ಮೊದಲು ಮಾಯುವುದರಿಂದ ಎರಡು ವಾರಕ್ಕೇ ‘ಎಲ್ಲ ಸರಿಹೋಯಿತು’ ಅನ್ನಿಸುತ್ತದೆ. ಒಳಗಡೆ ಆಗಲೂ ಹಸಿಯೇ. ಮದುವೆಗೆಂದು ಜುಮುಕಿ ಬದಲಾಯಿಸಲು ಹೋಗಿ ರಕ್ತ ಬರುವುದು ಇದೇ ಹೊತ್ತಿನಲ್ಲಿ.

ಮೊದಲ ಕೆಲವು ದಿನ ತೂತಿನಿಂದ ತಿಳಿಯಾದ ಅಥವಾ ನಸು ಹಳದಿ ನೀರು ಸ್ವಲ್ಪ ಜಿನುಗಿ, ಒಣಗಿ, ಹಕ್ಕಳೆ ಕಟ್ಟುತ್ತದೆ. ಇದನ್ನೇ ಕೀವು ಅಂದುಕೊಂಡು ಗಾಬರಿಯಾಗುವವರು ಬಹಳ. ಇದು ಮಾಯುವ ಗಾಯದ ಲಕ್ಷಣ.

ತಿರುಗಿಸಿದರೆ ಆಗುವುದೇನು?

ಆ ಹಕ್ಕಳೆ ತಂತಿಗೆ ಅಂಟಿಕೊಂಡಿರುತ್ತದೆ. ಓಲೆ ತಿರುಗಿಸಿದಾಗ ಒರಟಾದ ಹಕ್ಕಳೆ ತೂತಿನೊಳಗೆ ಹೋಗಿ, ನಿನ್ನೆ ಮೊನ್ನೆ ಬೆಳೆದ ಎಳೆ ಚರ್ಮವನ್ನು ಕೆರೆಯುತ್ತದೆ. ಜೊತೆಗೆ ಬೆರಳಿನ ಕೊಳೆಯೂ ಒಳಗೆ ಹೋಗುತ್ತದೆ. ತಿರುಗಿಸದಿದ್ದರೆ ಮಾಂಸ ಲೋಹಕ್ಕೆ ಅಂಟಿಕೊಳ್ಳುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಅಂಟಿಕೊಳ್ಳುವುದು ಒಣಗಿದ ರಸ ಮಾತ್ರ, ನೀರು ಸೋಕಿದರೆ ಬಿಡುತ್ತದೆ.

ಹಾಗಂತ ಹೇಳಿದವರೊಡನೆ ಜಗಳಕ್ಕೆ ನಿಲ್ಲಬೇಡಿ. ಹಳೆಯ ವೈದ್ಯಕೀಯ ಸಲಹಾ ಚೀಟಿಗಳಲ್ಲೂ ‘ದಿನಾ ತಿರುಗಿಸಿ’ ಎಂದೇ ಇರುತ್ತಿತ್ತು. ಈಗ ಚುಚ್ಚುವ ವೃತ್ತಿಯವರ ಅಮೆರಿಕದ ಸಂಘಟನೆಯಾದ ಅಸೋಸಿಯೇಷನ್ ಆಫ್ ಪ್ರೊಫೆಷನಲ್ ಪಿಯರ್ಸರ್ಸ್ ಕೂಡ ತಿರುಗಿಸುವುದು ಬೇಡ ಎನ್ನುತ್ತದೆ.

ಅಂಟಿಕೊಳ್ಳುವುದಕ್ಕಿಂತ ನಿಜವಾದ ತೊಂದರೆ ಇನ್ನೊಂದಿದೆ, ಅದು ಬಿಗಿಯಾದ ತಿರುಪು. ಮೊದಲ ವಾರ ಹಾಲೆ ಊದಿಕೊಳ್ಳುತ್ತದೆ. ಗನ್‌ನಿಂದ ಹೊಡೆದ ಗಿಡ್ಡ ಟಿಕ್ಕಿಯಲ್ಲಿ ಆ ಊತಕ್ಕೆ ಜಾಗ ಇರದಿದ್ದರೆ ಟಿಕ್ಕಿಯೇ ಹಾಲೆಯೊಳಗೆ ಹೂತುಹೋಗಬಹುದು. ಮುಂದಿನ ತಲೆಗೂ ಹಿಂದಿನ ತಿರುಪಿಗೂ ನಡುವೆ ಸ್ವಲ್ಪ ಸಡಿಲ ಇದೆಯೇ ಎಂದು ಚುಚ್ಚಿಸಿದ ದಿನವೇ ನೋಡಿಕೊಳ್ಳಿ.

ಅರಿಶಿನ, ಎಣ್ಣೆ, ಸ್ಪಿರಿಟ್

ಅರಿಶಿನದಲ್ಲಿರುವ ಕರ್ಕ್ಯುಮಿನ್ ಪ್ರಯೋಗಾಲಯದಲ್ಲಿ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವುದು ನಿಜ. ಆದರೆ ಅಡುಗೆಮನೆ ಡಬ್ಬಿಯ ಅರಿಶಿನ ಪುಡಿ ಕ್ರಿಮಿರಹಿತವಲ್ಲ. ಮಸಾಲೆ ಪುಡಿಗಳಲ್ಲಿ ಬ್ಯಾಕ್ಟೀರಿಯಾದ ಬೀಜಕಣಗಳು ಇರುವುದು ಸಾಮಾನ್ಯ. ಬೇಯಿಸಿದ ಸಾರಿನಲ್ಲಿ ಅದು ಸಮಸ್ಯೆಯಲ್ಲ, ತೆರೆದ ಗಾಯದ ಮಾತೇ ಬೇರೆ. ಇನ್ನೊಂದು ತೊಂದರೆಯನ್ನು ಯಾರೂ ಹೇಳುವುದಿಲ್ಲ: ಅರಿಶಿನದ ಬಣ್ಣದಲ್ಲಿ ಕೆಂಪು ಕಾಣಿಸುವುದಿಲ್ಲ. ನಂಜಿನ ಮೊದಲ ಗುರುತೇ ಮುಚ್ಚಿಹೋಗುತ್ತದೆ.

ಕೊಬ್ಬರಿ ಎಣ್ಣೆ ವಿಷವೇನಲ್ಲ. ಆದರೆ ದಪ್ಪಗೆ ಹಚ್ಚಿದರೆ ಧೂಳು, ಕೂದಲಿನ ಕೊಳೆ ಹಿಡಿದಿಟ್ಟುಕೊಳ್ಳುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್‌ಗಳು ಕ್ರಿಮಿಗಳ ಜೊತೆಗೆ ಹೊಸ ಜೀವಕೋಶಗಳನ್ನೂ ಸುಡುತ್ತವೆ. ಉರಿ ಬಂದರೆ ‘ಕೆಲಸ ಮಾಡ್ತಿದೆ’ ಅಂತಲ್ಲ. ನಿಯೋಮೈಸಿನ್ ಇರುವ ಮುಲಾಮು, ಪೌಡರ್‌ಗಳು ಹಲವರಿಗೆ ಚರ್ಮದ ಅಲರ್ಜಿ ತರುತ್ತವೆ. ಬೇವಿನ ಕಡ್ಡಿ, ಪೊರಕೆ ಕಡ್ಡಿಗಳು ರಂಧ್ರಗಳಿರುವ ಸಸ್ಯದ ತುಂಡುಗಳು, ತೊಳೆದರೂ ಕ್ರಿಮಿಮುಕ್ತವಾಗುವುದಿಲ್ಲ. ಅವುಗಳ ಸಿಬಿರು ಒಳಗೇ ಮುರಿದು ಉಳಿಯಬಹುದು.

ಹಾಗಾದರೆ ಮಾಡಬೇಕಾದ್ದೇನು? ಬಹಳ ಕಡಿಮೆ. ಕೈ ಸೋಪಿನಲ್ಲಿ ತೊಳೆದು, ದಿನಕ್ಕೆ ಒಂದೆರಡು ಸಲ ಉಪ್ಪುನೀರಿನಲ್ಲಿ ತೋಯಿಸಿದ ಶುದ್ಧ ಗಾಜ್ ಬಟ್ಟೆಯನ್ನು ಮುಂದೆ ಹಿಂದೆ ಒತ್ತಿ ಹಿಡಿಯಿರಿ. ಹಕ್ಕಳೆ ತಾನಾಗಿ ಬಿಟ್ಟುಕೊಂಡಷ್ಟನ್ನು ಒರೆಸಿ, ಒಣಗಿಸಿ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ನಾರ್ಮಲ್ ಸಲೈನ್ ಉತ್ತಮ, ಅದರಲ್ಲಿ 0.9% ಉಪ್ಪು ಇರುತ್ತದೆ. ಮನೆಯಲ್ಲೇ ಮಾಡುವುದಾದರೆ ಕುದಿಸಿ ಆರಿಸಿದ ಒಂದು ಲೋಟ ನೀರಿಗೆ (ಸುಮಾರು 250 ಮಿ.ಲೀ.) ಕಾಲು ಟೀಚಮಚ ಉಪ್ಪು. ಅದಕ್ಕಿಂತ ಹೆಚ್ಚು ಹಾಕಿದರೆ ಚರ್ಮ ಒಣಗಿ ಬಿರಿಯುತ್ತದೆ, ಪರಿಣಾಮ ಹೆಚ್ಚುವುದಿಲ್ಲ. ದಿಂಬಿನ ಕವರ್ ಆಗಾಗ ಬದಲಾಯಿಸಿ. ಮಾಯುವವರೆಗೆ ಕೆರೆ, ಈಜುಕೊಳ ಬೇಡ.

ನಂಜೋ, ಅಲರ್ಜಿಯೋ?

ಎಷ್ಟು ತೊಳೆದರೂ ಕಿವಿ ರಸಿ ಬಿಡುತ್ತಲೇ ಇದೆ ಎನ್ನುವವರಲ್ಲಿ ಹಲವರಿಗೆ ಇರುವುದು ನಂಜಲ್ಲ, ನಿಕಲ್ ಅಲರ್ಜಿ. ನಂಜಾದರೆ ನೋವು, ಬಿಸಿ, ಹೆಚ್ಚುತ್ತಿರುವ ಊತ, ಗಟ್ಟಿ ಕೀವು ಇರುತ್ತದೆ. ಸಾಮಾನ್ಯವಾಗಿ ಒಂದೇ ಕಿವಿಯಲ್ಲಿ. ಅಲರ್ಜಿಯಾದರೆ ನೋವಿಗಿಂತ ತುರಿಕೆ ಹೆಚ್ಚು, ಸಣ್ಣ ಗುಳ್ಳೆ, ಸಿಪ್ಪೆ ಏಳುವ ಚರ್ಮ, ಬಹುಮಟ್ಟಿಗೆ ಎರಡೂ ಕಿವಿಯಲ್ಲಿ. ಅಲರ್ಜಿಯಲ್ಲೂ ನೀರು ಜಿನುಗುವುದರಿಂದ ಗೊಂದಲವಾಗುತ್ತದೆ, ಜನ ಮುಲಾಮು ಬದಲಾಯಿಸುತ್ತಾ ಹೋಗುತ್ತಾರೆ. ಬದಲಾಗಬೇಕಾದ್ದು ಓಲೆ.

ಈ ವಿಷಯವನ್ನು ಹಗುರವಾಗಿ ನೋಡಬಾರದು, ಏಕೆಂದರೆ ನಿಕಲ್ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಮುಂದೆ ವಾಚಿನ ಪಟ್ಟಿ, ಜೀನ್ಸ್ ಬಟನ್, ಬೆಲ್ಟಿನ ಬಕಲ್ ಎಲ್ಲವೂ ತುರಿಸುತ್ತವೆ. ಅಲರ್ಜಿ ಹುಟ್ಟಲು ಹಸಿ ಗಾಯದಲ್ಲಿ ವಾರಗಟ್ಟಲೆ ಕೂರುವ ಲೋಹಕ್ಕಿಂತ ಒಳ್ಳೆಯ ಅವಕಾಶ ಬೇರೆ ಇಲ್ಲ. ಯುರೋಪಿಯನ್ ಒಕ್ಕೂಟ 1994ರಲ್ಲೇ ಇದಕ್ಕೆ ನಿಯಮ ತಂದಿತು. ಚುಚ್ಚಿದ ತೂತಿಗೆ ಹಾಕುವ ಆಭರಣದಿಂದ ವಾರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಮ್‌ಗಿಂತ ಕಡಿಮೆ ನಿಕಲ್ ಹೊರಬರಬೇಕು ಎಂಬುದು ಅಲ್ಲಿನ ಈಗಿನ ಮಿತಿ.

‘ಸರ್ಜಿಕಲ್ ಸ್ಟೀಲ್‌ನಲ್ಲಿ ನಿಕಲ್ ಇಲ್ಲ’ ಎಂಬ ಅಂಗಡಿ ಮಾತು ತಪ್ಪು. 316ಎಲ್ ಎಂಬ ಸಾಮಾನ್ಯ ಬಗೆಯಲ್ಲಿ 10ರಿಂದ 14% ನಿಕಲ್ ಇರುತ್ತದೆ. ಅದು ಹೊರಗೆ ಬಿಡುವುದು ಕಡಿಮೆ, ಅಷ್ಟೇ. ಲೇಪನ ಹಾಕಿದ ಒಡವೆಗಳಲ್ಲಿ ಚಿನ್ನದ ಪದರದ ಕೆಳಗೆ ನಿಕಲ್ ಪದರ ಇರುವುದುಂಟು, ಮೇಲಿನದು ಸವೆದಾಗ ಅದು ಹೊರಬರುತ್ತದೆ. ಈ ವಿಷಯದಲ್ಲಿ ಅಜ್ಜಿಯ ಹಟ ಸರಿಯಾಗಿತ್ತು. ‘ಮೊದಲ ಓಲೆ ಚಿನ್ನದ್ದೇ ಆಗಲಿ’ ಎಂದರೆ 916 ಚಿನ್ನದಲ್ಲಿ 91.6% ಚಿನ್ನ, ಉಳಿದದ್ದು ಸಾಮಾನ್ಯವಾಗಿ ತಾಮ್ರ ಮತ್ತು ಬೆಳ್ಳಿ. ಬಿಳಿ ಚಿನ್ನದಲ್ಲಿ ಮಾತ್ರ ನಿಕಲ್ ಸೇರಿರಬಹುದು, ಕೇಳಿ ತಿಳಿದುಕೊಳ್ಳಿ. ಅಷ್ಟು ಹಣ ಬೇಡ ಎಂದರೆ ಟೈಟಾನಿಯಂ ಒಳ್ಳೆಯ ಆಯ್ಕೆ.

ಯಾವಾಗ ಚುಚ್ಚಿಸಬೇಕು?

ನಾಮಕರಣದ ದಿನವೇ, ಅಂದರೆ ಹನ್ನೊಂದು ಹನ್ನೆರಡನೇ ದಿನಕ್ಕೇ ಚುಚ್ಚಿಸುವ ಮನೆಗಳಿವೆ. ‘ಶಾಸ್ತ್ರದಲ್ಲೇ ಇದೆ’ ಎನ್ನುವವರು ಸುಶ್ರುತ ಸಂಹಿತೆಯನ್ನೂ ನೋಡಬಹುದು. ಅಲ್ಲಿ ಕಿವಿ ಚುಚ್ಚಲು ಹೇಳಿರುವುದು ಆರು ಅಥವಾ ಏಳನೇ ತಿಂಗಳು. ಬಿಸಿಲಿಗೆ ಹಿಡಿದಾಗ ಬೆಳಕು ತೂರಿ ಕಾಣುವ ಜಾಗದಲ್ಲೇ ಚುಚ್ಚಬೇಕು, ತಪ್ಪು ಜಾಗಕ್ಕೆ ಚುಚ್ಚಿದರೆ ರಕ್ತಸ್ರಾವ, ನೋವು ಎಂಬ ಎಚ್ಚರಿಕೆಯೂ ಇದೆ. ರಕ್ತನಾಳ ತಪ್ಪಿಸಿ ತೆಳುವಾದ ಜಾಗ ಹುಡುಕುವ ಒಳ್ಳೆಯ ಉಪಾಯ ಇದು.

ಇಂದಿನ ಲೆಕ್ಕವೂ ಅದಕ್ಕೆ ದೂರವಿಲ್ಲ. ಧನುರ್ವಾಯು ತಡೆಯುವ ಅಂಶ ಇರುವ ಪೆಂಟಾವೇಲೆಂಟ್ ಲಸಿಕೆಯನ್ನು ಸರ್ಕಾರಿ ಕಾರ್ಯಕ್ರಮದಲ್ಲಿ 6, 10 ಮತ್ತು 14ನೇ ವಾರಕ್ಕೆ ಕೊಡುತ್ತಾರೆ. ಮೂರೂ ಮುಗಿಯುವವರೆಗೆ ಕಾಯುವುದು ಜಾಣತನ. ಮೂರು ತಿಂಗಳೊಳಗಿನ ಮಗುವಿಗೆ ಕಿವಿಯ ಸಣ್ಣ ನಂಜಿನಿಂದ ಜ್ವರ ಬಂದರೂ ಆಸ್ಪತ್ರೆಗೆ ಓಡಬೇಕಾಗುತ್ತದೆ. ಮಗು ತಾನೇ ಕಿವಿ ನೋಡಿಕೊಳ್ಳುವಷ್ಟು ದೊಡ್ಡದಾಗಲಿ ಎಂಬುದು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯ ಸಲಹೆ. ಇನ್ನೊಂದು ಕಡೆ, 2005ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಒಂದು ಸಣ್ಣ ಅಧ್ಯಯನದಲ್ಲಿ, 11 ವರ್ಷದ ನಂತರ ಚುಚ್ಚಿಸಿಕೊಂಡವರಲ್ಲಿ ಕೆಲಾಯ್ಡ್ ಎಂಬ ಉಬ್ಬಿದ ಗಂಟು ಹೆಚ್ಚು ಕಂಡಿತ್ತು. ಮನೆಯಲ್ಲಿ ಯಾರಿಗಾದರೂ ಗಾಯದ ಜಾಗದಲ್ಲಿ ಗಂಟು ಬೆಳೆಯುವ ಸ್ವಭಾವ ಇದ್ದರೆ ವೈದ್ಯರೊಡನೆ ಮಾತಾಡಿ ನಿರ್ಧರಿಸಿ.

ಅಕ್ಕಸಾಲಿಗರ ಹತ್ತಿರ ಚುಚ್ಚಿಸಲಿ, ಕ್ಲಿನಿಕ್‌ನಲ್ಲಿ ಚುಚ್ಚಿಸಲಿ, ಸೂಜಿ ಅಥವಾ ತಂತಿ ಹೊಸದೇ, ಕ್ರಿಮಿಮುಕ್ತ ಮಾಡಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ. ಒಬ್ಬರಿಗೆ ಬಳಸಿದ ಸೂಜಿಯಿಂದ ಇನ್ನೊಬ್ಬರಿಗೆ ಹೆಪಟೈಟಿಸ್ ಬಿ, ಸಿ ಹರಡಬಲ್ಲವು.

ಕೀವು ಬಂದರೆ ಓಲೆ ತೆಗೆಯಬೇಕೇ?

ಹಾಲೆಯಲ್ಲಿ ನಂಜಾದಾಗ ಅವಸರದಲ್ಲಿ ಓಲೆ ತೆಗೆದರೆ ತೂತಿನ ಬಾಯಿ ಮುಚ್ಚಿ ಕೀವು ಒಳಗೇ ಸಿಕ್ಕಿಕೊಳ್ಳಬಹುದು. ಮೊದಲು ವೈದ್ಯರಿಗೆ ತೋರಿಸಿ, ಅವರು ಹೇಳಿದರೆ ತೆಗೆಯಿರಿ. ಜ್ವರ, ಕಿವಿಯಿಂದ ಹೊರಕ್ಕೆ ಹಬ್ಬುವ ಕೆಂಪು, ಊತದಲ್ಲಿ ಹೂತ ಟಿಕ್ಕಿ ಇದ್ದರೆ ಅದೇ ದಿನ ಹೋಗಿ.

ಮೇಲಿನ ಗಟ್ಟಿ ಭಾಗದ ವಿಷಯ ಇನ್ನೂ ಅವಸರದ್ದು. ಕಿವಿಗೆ ಆಕಾರ ಕೊಡುವ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ, ಮೇಲಿನ ತೆಳು ಪೊರೆಯಿಂದಲೇ ಅದಕ್ಕೆ ಪೋಷಣೆ. ಕೀವು ಆ ಪೊರೆಯನ್ನು ಎಬ್ಬಿಸಿದರೆ ಮೃದ್ವಸ್ಥಿ ಸತ್ತು ಕಿವಿ ಮುದುಡುತ್ತದೆ. 2000ದಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಒಂದೇ ಆಭರಣ ಮಳಿಗೆಯಲ್ಲಿ ಕಿವಿ ಚುಚ್ಚಿಸಿಕೊಂಡ ಏಳು ಜನರಿಗೆ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ನಂಜು ಖಚಿತವಾಯಿತು. ಎಲ್ಲರದೂ ಮೃದ್ವಸ್ಥಿಗೆ ಚುಚ್ಚಿಸಿದ್ದು. ತನಿಖೆಯಲ್ಲಿ ಕೈ ತೋರಿದ್ದು ಅಲ್ಲಿನ ಕ್ರಿಮಿನಾಶಕ ಸ್ಪ್ರೇ ಬಾಟಲಿಯ ಕಡೆಗೇ. ತೇವದಲ್ಲಿ ಬೆಳೆಯುವ ಈ ಬ್ಯಾಕ್ಟೀರಿಯಾಕ್ಕೆ ಮನೆಯ ಡಬ್ಬಿಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ಮಾತ್ರೆ ನಾಟುವುದಿಲ್ಲ. ಮೇಲ್ಗಿವಿ ಕೆಂಪಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅಂದೇ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಿ, ಎಂದು ಚುಚ್ಚಿಸಿದ್ದು, ಏನೇನು ಹಚ್ಚಿದ್ದು ಎಲ್ಲವನ್ನೂ ಹೇಳಿ.