ಎಂ.ಜಿ. ಕಾರಿಗೆ ಅಂಬಾಸಿಡರ್ ಎಂಜಿನ್: ಕ್ಯಾಮ್ ಯಾವುದಿರಬೇಕು?

ಕೂಡ್ಲಿಗಿ, ಕೊಟ್ಟೂರು ಸೀಮೆಯ ಹೊಲಗಳಿಗೆ ಕರೆಂಟು ಬರುವ ಮೊದಲು ಬಾವಿಯ ನೀರೆತ್ತಲು ಡೀಸೆಲ್ ಎಂಜಿನ್ ಇರುತ್ತಿತ್ತು. ಎರಡು ಪಕ್ಕಕ್ಕೂ ಭಾರೀ ಗಾಲಿ, ಹ್ಯಾಂಡಲ್ ಹಾಕಿ ತಿರುವಿದರೆ ಡುಗ್ ಡುಗ್ ಎಂದು ಪಕ್ಕದೂರಿಗೂ ಕೇಳುವ ಸದ್ದು. ನಿಮಿಷಕ್ಕೆ 650 ಸುತ್ತು ತಿರುಗುವ ಈ ಲಿಸ್ಟರ್ ಮಾದರಿಯ ಎಂಜಿನ್ನಿಗೂ, ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ ತಯಾರಾದ ಎಂ.ಜಿ. ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೂ ಒಂದು ನಂಟುಂಟು. ಎರಡರ ಹೊಟ್ಟೆಯಲ್ಲೂ ಮೊಟ್ಟೆಯಾಕಾರದ ಉಬ್ಬುಗಳಿರುವ ಒಂದು ದಂಡ ತಿರುಗುತ್ತಿರುತ್ತದೆ. ಅದೇ ಕ್ಯಾಮ್ ಶಾಫ್ಟ್. ಗಾಳಿ ಒಳಗೆ ಬರುವ ಮತ್ತು ಹೊಗೆ ಹೊರಗೆ ಹೋಗುವ ವಾಲ್ವುಗಳನ್ನು (ಪಠ್ಯಪುಸ್ತಕದ ಭಾಷೆಯಲ್ಲಿ ಕವಾಟಗಳನ್ನು) ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವುದು ಇದರ ಕೆಲಸ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ದಿ ಬೈಕನ್ನು ಬಿಚ್ಚಿ ಇದನ್ನು ಹುಡುಕಿದರೆ ಸಿಗದು. ಅದು ಟೂ ಸ್ಟ್ರೋಕ್. ಅಲ್ಲಿ ಪಿಸ್ಟನ್ನೇ ಬಾಗಿಲು ಕಾಯುತ್ತದೆ.

ಎಂ.ಜಿ.ಗೆ ಅಂಬಾಸಿಡರ್ ಎಂಜಿನ್ ಕೂರಿಸುವ ಮಾತು ಬಂದದ್ದು ಹೇಗೆ? ಆಮದಿನ ಮೇಲೆ ಬಿಗಿ ಹಿಡಿತವಿದ್ದ ಕಾಲದಲ್ಲಿ ವಿದೇಶಿ ಕಾರಿನ ಬಿಡಿಭಾಗ ಸಿಗುವುದು ದುರ್ಲಭವಾಗಿತ್ತು. ಮೂಲ ಎಂಜಿನ್ ಕೈಕೊಟ್ಟರೆ ಮಾಲೀಕರು ಹುಡುಕುತ್ತಿದ್ದುದು ಊರೂರಿನಲ್ಲಿ ಸಿಗುವ ಅಂಬಾಸಿಡರ್ ಎಂಜಿನ್ನನ್ನು. ಎಂ.ಜಿ. ಮಟ್ಟಿಗೆ ಇದು ಸಿಕ್ಕಿದ್ದನ್ನು ತುರುಕುವ ಕೆಲಸವಲ್ಲ, ರಕ್ತಸಂಬಂಧವೇ ಇತ್ತು. ಕೋಲ್ಕತ್ತದ ಬಳಿಯ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ರೂಪ. ಅದರಲ್ಲಿ ಬಹುಕಾಲ ಓಡಿದ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಬಿ.ಎಂ.ಸಿ. ಕಂಪನಿಯ 'ಬಿ' ಸರಣಿಯದು. 1955ರಲ್ಲಿ ಬಂದ ಎಂ.ಜಿ.ಎ. ಸ್ಪೋರ್ಟ್ಸ್ ಕಾರಿನದೂ ಅದೇ ಸರಣಿ, ಅದೇ 1489 ಸಿ.ಸಿ. ಆದರೆ ಅಂಬಾಸಿಡರಿನಲ್ಲಿ ಸುಮಾರು 50 ಅಶ್ವಶಕ್ತಿ ಕೊಟ್ಟ ಎಂಜಿನ್ ಎಂ.ಜಿ.ಎ.ಯಲ್ಲಿ 70ರ ಆಸುಪಾಸು ಕೊಡುತ್ತಿತ್ತು. ಒಂದೇ ತಾಯಿಯ ಮಕ್ಕಳಲ್ಲಿ 20 ಅಶ್ವಶಕ್ತಿಯ ವ್ಯತ್ಯಾಸ! ಎರಡು ಕಾರ್ಬ್ಯುರೇಟರ್, ಹೆಚ್ಚಿನ ಕಂಪ್ರೆಶನ್, ಜೊತೆಗೆ ಬೇರೆ ಕ್ಯಾಮ್, ಇವು ಅದಕ್ಕೆ ಕಾರಣ.

ಕ್ಯಾಮಿನ ಮಹಿಮೆ ತಿಳಿಯಲು ಕೊಟ್ಟೂರು ತೇರಿನ ದಿನದ ಬಸ್ಸನ್ನು ನೆನೆಸಿಕೊಳ್ಳಬೇಕು. ಒಂದು ಬಾಗಿಲಲ್ಲಿ ಹತ್ತುವುದು, ಇನ್ನೊಂದರಲ್ಲಿ ಇಳಿಯುವುದು ಎಂದಿಟ್ಟುಕೊಳ್ಳೋಣ. ಜನ ಓಡಿಬಂದು ನುಗ್ಗುತ್ತಿದ್ದರೆ, ಬಸ್ಸು ತುಂಬಿತು ಅನ್ನಿಸಿದ ಮೇಲೂ ಕಂಡಕ್ಟರ್ ಬಾಗಿಲನ್ನು ಒಂದು ಗಳಿಗೆ ತೆರೆದಿಟ್ಟರೆ ಹಿಂದಿನವರ ನೂಕಿನಿಂದಲೇ ಇನ್ನೂ ನಾಲ್ಕು ಮಂದಿ ಒಳಗೆ ಸೇರುತ್ತಾರೆ. ನೂಕೇ ಇಲ್ಲದ ದಿನ ಹಾಗೆ ತೆರೆದಿಟ್ಟರೋ, ಉಸಿರುಗಟ್ಟಿದ ಒಳಗಿನವರೇ ಕೆಳಗಿಳಿಯುತ್ತಾರೆ. ಎಂಜಿನ್ನಿನ ಗಾಳಿಯದೂ ಇದೇ ಸ್ವಭಾವ. ವೇಗ ಹೆಚ್ಚಿದಾಗ ಗಾಳಿಗೆ ತನ್ನದೇ ಓಟದ ಬಲ ಬರುತ್ತದೆ. ಪಿಸ್ಟನ್ ಕೆಳಗೆ ಹೋಗಿ ಮತ್ತೆ ಮೇಲೇರತೊಡಗಿದರೂ ಅದು ಒಳಗೆ ನುಗ್ಗುತ್ತಲೇ ಇರುತ್ತದೆ. ವೇಗ ಕಡಿಮೆಯಿದ್ದಾಗ ಏರುವ ಪಿಸ್ಟನ್ ಅದನ್ನು ಬಂದ ದಾರಿಗೇ ದಬ್ಬುತ್ತದೆ.

1962ರಲ್ಲಿ ಬಂದ ಎಂ.ಜಿ.ಬಿ. ಕಾರಿನ ಕ್ಯಾಮ್ ಗಾಳಿಯ ವಾಲ್ವನ್ನು ಪಿಸ್ಟನ್ ತುದಿ ಮುಟ್ಟುವುದಕ್ಕೆ 16 ಡಿಗ್ರಿ ಮೊದಲೇ ತೆರೆಯುತ್ತದೆ, ಪಿಸ್ಟನ್ ತಳ ಮುಟ್ಟಿದ ಮೇಲೆ 56 ಡಿಗ್ರಿ ಕಳೆದು ಮುಚ್ಚುತ್ತದೆ. 16, 180 ಮತ್ತು 56 ಕೂಡಿದರೆ 252 ಡಿಗ್ರಿ. ಎಂಜಿನ್ 1000 ಸುತ್ತಿನಲ್ಲಿದ್ದಾಗ ಇದು ಸೆಕೆಂಡಿನ ಸಾವಿರದ 42 ಪಾಲು. 5400 ಸುತ್ತಿನಲ್ಲಿ ಎಂಟು ಪಾಲೂ ಇಲ್ಲ. ಹೊಗೆಯ ವಾಲ್ವು ಮುಚ್ಚುವುದು ಪಿಸ್ಟನ್ ತುದಿ ದಾಟಿ 21 ಡಿಗ್ರಿ ಆದ ಮೇಲೆ. ಅಂದರೆ 37 ಡಿಗ್ರಿಯಷ್ಟು ಹೊತ್ತು ಎರಡೂ ಬಾಗಿಲು ಒಟ್ಟಿಗೇ ತೆರೆದಿರುತ್ತವೆ. ಸಂಸಾರಸ್ಥರ ಕಾರುಗಳಲ್ಲಿ ಈ ಅಂಕಿಗಳೆಲ್ಲ ಇನ್ನೂ ಸಣ್ಣವು. ರೇಸಿನ ಕ್ಯಾಮುಗಳಲ್ಲಿ ಬಲು ದೊಡ್ಡವು. ಅಂಥ ಎಂಜಿನ್ ನಿಂತಲ್ಲಿ ತಡವರಿಸುತ್ತದೆ, ಕೆಮ್ಮುತ್ತದೆ, ಮೇಲಿನ ವೇಗದಲ್ಲಿ ಮಾತ್ರ ಅರಚಿಕೊಂಡು ಓಡುತ್ತದೆ. ಆ ತಡವರಿಕೆಯನ್ನೇ ಶಕ್ತಿಯೆಂದು ತಿಳಿದು ಮೆಚ್ಚುವ ಹುಡುಗರು ಎಲ್ಲ ಊರಲ್ಲೂ ಇದ್ದಾರೆ.

ಹಾಗಾದರೆ ಯಾವುದನ್ನು ಆರಿಸಬೇಕು? ಕಾರು ಎಲ್ಲಿ ಓಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಕೂಡ್ಲಿಗಿಯನ್ನು ಹಾಯುವ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದಿಷ್ಟು ದೂರ ವೇಗ ಹಿಡಿಯಬಹುದು. ಅಲ್ಲಿಂದ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಗೆ ತಿರುಗಿದರೆ ದಾರಿಯ ನಡೆ ಬೇರೆ. ಎದುರಿಗೆ ಕುರಿಹಿಂಡು, ಸುಗ್ಗಿಯಲ್ಲಿ ರಸ್ತೆಯ ಮೇಲೇ ಒಕ್ಕಣೆ, ಭಾರತ ಹುಣ್ಣಿಮೆಗೆ ಮೈಲಾರದ ಜಾತ್ರೆಗೆ ಹೊರಟ ಎತ್ತಿನ ಬಂಡಿಗಳ ಸಾಲು. ಇಲ್ಲಿ ಎಂಜಿನ್ ತನ್ನ ಆಯುಷ್ಯದ ಬಹುಪಾಲನ್ನು 1000ದಿಂದ 3000 ಸುತ್ತಿನೊಳಗೇ ಕಳೆಯುತ್ತದೆ. ಮೆಕ್ಯಾನಿಕ್‌ಗಳು ಪಿಕಪ್ ಎನ್ನುವ ಎಳೆತ ಬೇಕಾದದ್ದೂ ಅಲ್ಲೇ. 5500 ಸುತ್ತಿನಲ್ಲಿ ಬರುವ ಹೆಚ್ಚಿನ ಅಶ್ವಶಕ್ತಿ ಬ್ಯಾಂಕಿನಲ್ಲಿಟ್ಟು ಮರೆತ ಹಣದಂತೆ.

ಎಂಜಿನ್ನಿನ ಮಿಕ್ಕ ಅಂಗಗಳನ್ನೂ ಕೇಳಬೇಕು. ಅಂಬಾಸಿಡರ್ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿಗೆ ಮೂರೇ ಮುಖ್ಯ ಬೇರಿಂಗು. ಪಿಸ್ಟನ್ನಿನ ಓಟ 88.9 ಮಿಲಿಮೀಟರ್, ಅಂದರೆ ಉದ್ದನೆಯ ಹೆಜ್ಜೆ. ಇಂಥದ್ದನ್ನು ಸದಾ ಮೇಲಿನ ವೇಗದಲ್ಲಿ ಓಡಿಸಿದರೆ ಬೇರಿಂಗು ಹೆಚ್ಚು ದಿನ ಬಾಳವು. ಒಂದೇ ಕಾರ್ಬ್ಯುರೇಟರ್, ಕಡಿಮೆ ಕಂಪ್ರೆಶನ್ ಇಟ್ಟುಕೊಂಡು ಕ್ಯಾಮ್ ಒಂದನ್ನೇ ದೊಡ್ಡದು ಹಾಕುವುದು ಪೈಲ್ವಾನನನ್ನು ಅಖಾಡಕ್ಕಿಳಿಸಿ ಅರೆಹೊಟ್ಟೆ ಊಟ ಹಾಕಿದ ಹಾಗೆ. ಆದ್ದರಿಂದ ಎಂಜಿನ್ ಇದ್ದಂತೆಯೇ ಇರುವುದಾದರೆ ಅಂಬಾಸಿಡರಿನ ಸ್ವಂತ ಕ್ಯಾಮೇ ಲೇಸು. ಎರಡು ಎಸ್.ಯು. ಕಾರ್ಬ್ಯುರೇಟರ್ ಹಾಕಿಸಿ, ಹೆಡ್ಡಿನ ಕೆಲಸ ಮಾಡಿಸಿ ಕಂಪ್ರೆಶನ್ ಏರಿಸಿದರೆ ಎಂ.ಜಿ.ಯ ಮಾಮೂಲು ಕ್ಯಾಮ್ ಒಪ್ಪುತ್ತದೆ. ಅದಕ್ಕೂ ಮೇಲಿನದು ಈ ದಾರಿಗಳಿಗೆ ಬೇಡ.

ಎಂ.ಜಿ.ಎ. ಕಾರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸುತ್ತು ತೋರಿಸುವ ಮೀಟರಿಗೆ ಚಾಲನೆ ಸಿಗುವುದು ಕ್ಯಾಮ್ ಶಾಫ್ಟಿನ ಹಿಂಬದಿಯ ಹಲ್ಲುಗಳಿಂದ. ಸಾದಾ ಕಾರಿನ ಕ್ಯಾಮಿಗೆ ಆ ಹಲ್ಲುಗಳಿಲ್ಲ. ಅದನ್ನು ಹಾಕಿದರೆ ಮೀಟರಿನ ಮುಳ್ಳು ಅಲುಗುವುದಿಲ್ಲ. ಹೊಸ ಕ್ಯಾಮಿಗೆ ಹಳೆಯ ಟ್ಯಾಪೆಟ್ ಹಾಕುವುದಂತೂ ಕೂಡದು. ಹಳೆಯದರ ಸವೆದ ಮುಖ ಹೊಸ ಉಬ್ಬನ್ನು ಬೇಗನೆ ತಿಂದುಹಾಕುತ್ತದೆ. ಮೊದಲ ಸಲ ಚಾಲೂ ಮಾಡಿದಾಗ ಸುಮ್ಮನೆ ನಿಧಾನಕ್ಕೆ ಬಿಡದೆ ಸುಮಾರು 2000 ಸುತ್ತಿನಲ್ಲಿ 20 ನಿಮಿಷ ಓಡಿಸಬೇಕು. ಉಬ್ಬುಗಳಿಗೆ ಎಣ್ಣೆ ಚಿಮ್ಮುವುದೇ ಆ ವೇಗದಲ್ಲಿ.

ಹಣ ಕೊಡುವ ತಂದೆತಾಯಿಯರು ವಿಚಾರಿಸಬೇಕಾದದ್ದು ಬೇರೆಯೇ ಇದೆ. ಎಂಜಿನ್ ಸಂಖ್ಯೆ ನೋಂದಣಿ ಪತ್ರದಲ್ಲಿ ನಮೂದಾಗಿರುತ್ತದೆ. ಎಂಜಿನ್ ಬದಲಿಸುವ ಮುನ್ನ ಸಾರಿಗೆ ಕಚೇರಿಯ ಅನುಮತಿ ಬೇಕು, ಕೆ.ಎ. 35 ಫಲಕದ ಗಾಡಿಗಳಿಗೆ ಅದು ಹೊಸಪೇಟೆಯಲ್ಲಿದೆ. ಇನ್ನೂ ದೊಡ್ಡ ವಿಷಯವೆಂದರೆ 2021ರ ಕೇಂದ್ರ ನಿಯಮ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ 'ವಿಂಟೇಜ್' ಮಾನ್ಯತೆಯೂ 'ವಿ.ಎ.' ಅಕ್ಷರಗಳ ಫಲಕವೂ ಸಿಗುತ್ತವೆ. ಆದರೆ ಗಾಡಿ ಮೂಲರೂಪದಲ್ಲಿರಬೇಕು. ಚಾಸಿಸ್, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಕೂಡದು. ಹೀಗಾಗಿ ಮೂಲ ಎಂಜಿನ್ ಕೆಟ್ಟಿದ್ದರೂ ಗುಜರಿಗೆ ಹಾಕುವ ಮೊದಲು ಅದನ್ನೇ ರಿಪೇರಿ ಮಾಡಿಸಲಾದೀತೇ ಎಂದು ಕೇಳಿ ನೋಡಬೇಕು. ಬಿಡಿಭಾಗಗಳನ್ನು ಈಗ ಇಂಗ್ಲೆಂಡಿನಿಂದ ತರಿಸಬಹುದು. ಖರ್ಚು ಹೆಚ್ಚು, ನಿಜ. ಆದರೆ ಕೈತಪ್ಪಿದ ಮೂಲ ಎಂಜಿನ್ ಮತ್ತೆ ಸಿಗುವುದಿಲ್ಲ.

ಎಂ.ಜಿ. ಕಾರು ಕಾಣಸಿಗದ ವಿದ್ಯಾರ್ಥಿಗಳು ನಿರಾಶರಾಗಬೇಕಿಲ್ಲ. ಹೊಲದ ಮೂಲೆಯಲ್ಲಿ ಕೆಲಸವಿಲ್ಲದೆ ನಿಂತ ಹಳೆಯ ಪಂಪಿನ ಎಂಜಿನ್ ಇದ್ದರೆ ಸಾಕು. ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು, ಡೀಸೆಲ್ ಬಂದ್ ಮಾಡಿ, ಡಿಕಂಪ್ರೆಶನ್ ಲಿವರ್ ಎತ್ತಿ, ಗಾಲಿಯನ್ನು ಕೈಯಿಂದ ಮೆಲ್ಲಗೆ ತಿರುವಬೇಕು. ಆ ಲಿವರ್ ಒಂದು ವಾಲ್ವನ್ನು ಒತ್ತಿ ಹಿಡಿದಿರುತ್ತದೆ. ಇನ್ನೊಂದು ವಾಲ್ವಿನ ಪುಶ್ ರಾಡನ್ನು ಗಮನಿಸಬೇಕು. ಅದು ಏಳತೊಡಗಿದ ಜಾಗಕ್ಕೂ ಪೂರ್ತಿ ಇಳಿದ ಜಾಗಕ್ಕೂ ಗಾಲಿಯ ಮೇಲೆ ಸೀಮೆಸುಣ್ಣದ ಗುರುತು ಹಾಕಬೇಕು. ಆಮೇಲೆ ಗಾಲಿಯ ಸುತ್ತಳತೆಯನ್ನು ದಾರದಿಂದ ಅಳೆಯಬೇಕು. ಅದು 180 ಸೆಂಟಿಮೀಟರ್ ಇದ್ದರೆ ಒಂದು ಸೆಂಟಿಮೀಟರಿಗೆ ಎರಡು ಡಿಗ್ರಿ. ರಾಡು ಏಳುವುದರಿಂದ ಇಳಿಯುವವರೆಗೆ ಗಾಲಿ ತಿರುಗಿದ ದೂರವನ್ನು ಹೀಗೆ ಡಿಗ್ರಿಗೆ ತಂದು ಎಂ.ಜಿ.ಬಿ.ಯ 252ರ ಪಕ್ಕದಲ್ಲಿ ಬರೆದುಕೊಳ್ಳಬಹುದು. ಗಾಲಿ ಎರಡು ಸುತ್ತು ತಿರುಗಿದಾಗ ಆ ರಾಡು ಏಳುವುದು ಒಂದೇ ಸಲ ಎಂಬುದೂ ಆಗಲೇ ಕಣ್ಣಿಗೆ ಬೀಳುತ್ತದೆ.