ಪರವಾನಗಿ ಸಿಕ್ಕಿತು, ಹೆದ್ದಾರಿಯನ್ನು ಕಲಿಸುವವರು ಯಾರು?

ಐವತ್ತರ ಅಂಚಿನಲ್ಲಿ ಕಾರು ಓಡಿಸಲು ಕಲಿತವನು ನಾನು. ನಗರದ ಸಾರಿಗೆ ಕಚೇರಿಯೊಂದರ ಅಂಗಳದಲ್ಲಿ, ಇಂಗ್ಲಿಷಿನ ‘ಎಚ್’ ಅಕ್ಷರದ ಆಕಾರದ ಗುರುತಿನೊಳಗೆ, ಗೂಟಗಳಿಗೆ ತಾಗಿಸದೆ ಕಾರನ್ನು ಹಿಂದಕ್ಕೂ ಮುಂದಕ್ಕೂ ಚಲಾಯಿಸಿ ತೋರಿಸಿದೆ. ಐದೇ ನಿಮಿಷಗಳಲ್ಲಿ ಪರೀಕ್ಷೆ ಮುಗಿಯಿತು. ಪರವಾನಗಿ ಮನೆಗೆ ಬಂದ ನಂತರದ ಭಾನುವಾರವೇ ಪತ್ನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮದ್ದೂರಿನ ಬಂಧುಗಳ ಮನೆಯ ಗೃಹಪ್ರವೇಶಕ್ಕೆಂದು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೊರಟೆ.

ಮದ್ದೂರಿಗೆ ಇಳಿಯುವ ದಾರಿಯ ಫಲಕ ಕಂಡಾಗ ನಾನು ಬಲತುದಿಯ ಪಥದಲ್ಲಿದ್ದೆ. ಕನ್ನಡಿ ನೋಡಿ ಎಡಕ್ಕೆ ಸರಿಯುವಷ್ಟರಲ್ಲಿ ಆ ದಾರಿ ಹಿಂದೆ ಉಳಿದಿತ್ತು. ಅಂಚಿನಲ್ಲಿ ನಿಲ್ಲಿಸಿ, ಹೆಚ್ಚು ಯೋಚಿಸದೆ ರಿವರ್ಸ್ ಗೇರ್ ಹಾಕಿದೆ. ನಾಲ್ಕು ಮಾರು ಹಿಂದೆ ಸರಿದಿರಬಹುದು. ಬಸ್ಸೊಂದು ಕಿವಿಗಡಚಿಕ್ಕುವಂತೆ ಹಾರ್ನ್ ಮಾಡುತ್ತಾ ಕೂದಲೆಳೆಯ ಅಂತರದಲ್ಲಿ ಹಾದುಹೋಯಿತು. ‘ಊಟ ತಪ್ಪಿದರೆ ತಪ್ಪಲಿ, ಮುಂದೆ ಹೋಗ್ರೀ, ಮಂಡ್ಯದಲ್ಲೇ ಇಳಿಯೋಣ’ ಎಂದಳು ಪತ್ನಿ. ಅವಳ ದನಿ ನಡುಗುತ್ತಿತ್ತು.

ತಪ್ಪು ನನ್ನದೇ. ಅದನ್ನು ಬೇರೆಯವರ ತಲೆಗೆ ಕಟ್ಟಲಾರೆ. ಆದರೆ ಆ ದಿನದಿಂದ ಒಂದು ಸಂಗತಿ ನನ್ನನ್ನು ಕಾಡುತ್ತಿದೆ. ಯಾವ ಕೌಶಲವನ್ನು ಪರೀಕ್ಷಿಸಿ ನನಗೆ ಪರವಾನಗಿ ಕೊಡಲಾಯಿತೋ, ಅದೇ ಕೌಶಲವನ್ನು ನಾನು ಹೆದ್ದಾರಿಯಲ್ಲಿ ಪ್ರಯೋಗಿಸಿದ್ದೆ. ಅಲ್ಲಿ ಎಂದೂ ಮಾಡಬಾರದ ಕೆಲಸವೂ ಅದೇ ಆಗಿತ್ತು.

1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯನ್ನು ಓದಿದರೆ ಚಾಲನಾ ಪರೀಕ್ಷೆಯ ಪಟ್ಟಿ ಉದ್ದವಾಗಿಯೇ ಇದೆ. ಮುಂದಿನ ವಾಹನವನ್ನು ಸುರಕ್ಷಿತವಾಗಿ ಹಿಂದಿಕ್ಕುವುದು, ಇತರ ಚಾಲಕರ ನಡೆಯನ್ನು ಮೊದಲೇ ಊಹಿಸುವುದು ಎಲ್ಲವೂ ಅದರಲ್ಲಿ ಸೇರಿವೆ. ಚಾಲನಾ ಶಾಲೆಯಲ್ಲಿ ಕನಿಷ್ಠ 21 ದಿನಗಳ ತರಬೇತಿ, ಹತ್ತು ಗಂಟೆಗಳ ವಾಸ್ತವ ಚಾಲನೆ ಇರಬೇಕೆಂದೂ ನಿಯಮ ಹೇಳುತ್ತದೆ. ನಾನು ಕಲಿತ ಶಾಲೆಯಲ್ಲಿ ಆ ಗಂಟೆಗಳೆಲ್ಲ ಬಡಾವಣೆಯ ಅಡ್ಡರಸ್ತೆಗಳಲ್ಲಿಯೇ ಕಳೆದವು. ನಾಲ್ಕನೆಯ ಗೇರ್ ಹಾಕುವ ಸಂದರ್ಭವೇ ಬರಲಿಲ್ಲ.

ಹೆದ್ದಾರಿ ಎಂದರೆ ಅಗಲವಾದ ಊರರಸ್ತೆಯಲ್ಲ, ಅದರ ಲೆಕ್ಕಾಚಾರವೇ ಬೇರೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ, 100 ಕಿ.ಮೀ. ವೇಗದಲ್ಲಿ ಸುಮಾರು 28 ಮೀಟರ್. ವೇಗ ಎರಡೂವರೆ ಪಟ್ಟಾದರೆ, ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರ ಆರು ಪಟ್ಟಿಗೂ ಹೆಚ್ಚಾಗುತ್ತದೆ. ಊರೊಳಗೆ ಮುಂದಿನ ಕಾರಿಗೆ ಅಂಟಿಕೊಂಡು ಓಡಿಸುವವನು ಅಲ್ಲಿಯೂ ಹಾಗೆಯೇ ಓಡಿಸಿದರೆ, ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಮೊದಲೇ ಎಲ್ಲವೂ ಮುಗಿದಿರುತ್ತದೆ. ಸೇರುವ ದಾರಿಯಲ್ಲಿ ವೇಗ ಹೆಚ್ಚಿಸಿಕೊಂಡು ಮುಖ್ಯ ಪಥಕ್ಕೆ ಸರಿಯುವುದು, ಬಲಪಥವನ್ನು ಹಿಂದಿಕ್ಕಲು ಮಾತ್ರ ಬಳಸಿ ಮತ್ತೆ ಎಡಕ್ಕೆ ಮರಳುವುದು, ಇಳಿಯುವ ಸ್ಥಳಕ್ಕೆ ಎರಡು ಕಿ.ಮೀ. ಮೊದಲೇ ಎಡಪಥಕ್ಕೆ ಬಂದಿರುವುದು, ದಾರಿ ತಪ್ಪಿದರೆ ಮುಂದಿನ ನಿರ್ಗಮನದವರೆಗೆ ತಾಳ್ಮೆಯಿಂದ ಸಾಗುವುದು, ಇವೆಲ್ಲ ಕಲಿಸಿದರೆ ಒಂದೇ ದಿನದಲ್ಲಿ ತಲೆಗೆ ಹತ್ತುವ ಪಾಠಗಳು. ಕಲಿಸದಿದ್ದರೆ ಅಪಘಾತವೇ ಕಲಿಸಬೇಕು.

2022ರಲ್ಲಿ ದೇಶದ ರಸ್ತೆಗಳಲ್ಲಿ 1.68 ಲಕ್ಷಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಒಟ್ಟು ರಸ್ತೆ ಜಾಲದಲ್ಲಿ ಶೇ 2ರಷ್ಟಿರುವ ರಾಷ್ಟ್ರೀಯ ಹೆದ್ದಾರಿಗಳಲ್ಲೇ, ಎಕ್ಸ್‌ಪ್ರೆಸ್‌ವೇಗಳೂ ಸೇರಿ, ಆ ಸಾವುಗಳ ಶೇ 36ರಷ್ಟು ಸಂಭವಿಸಿದವು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಆ ವರ್ಷದ ಮೊದಲ ಆರು ತಿಂಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಬಳಿಕ ಪೊಲೀಸರು ವೇಗದ ಮೇಲೆ ಕಣ್ಣಿಟ್ಟರು, ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಷೇಧವಾಯಿತು, ಕ್ಯಾಮೆರಾಗಳು ಬಂದವು, ಸಾವಿನ ಸಂಖ್ಯೆ ತಗ್ಗಿತು. ಸ್ವಾಗತಾರ್ಹವೇ. ಆದರೆ ಕ್ಯಾಮೆರಾ ತಪ್ಪನ್ನು ಹಿಡಿಯಬಲ್ಲದು, ಪಾಠ ಹೇಳಲಾರದು.

ಜರ್ಮನಿಯಲ್ಲಿ ಕಾರಿನ ಪರವಾನಗಿ ಬಯಸುವವರಿಗೆ ಬೋಧಕರೊಂದಿಗೆ ಆಟೊಬಾನ್‌ನಲ್ಲಿ ತಲಾ 45 ನಿಮಿಷಗಳ ನಾಲ್ಕು ಪಾಠ, ಕತ್ತಲಲ್ಲಿ ಮೂರು ಪಾಠ ಕಡ್ಡಾಯವಾಗಿ ದಶಕಗಳೇ ಕಳೆದಿವೆ. ಬ್ರಿಟನ್ನಿನಲ್ಲಿ ಕಲಿಕಾ ಚಾಲಕರಿಗೆ ಮೋಟಾರ್‌ವೇ ಪ್ರವೇಶವೇ ಇರಲಿಲ್ಲ. ಪರೀಕ್ಷೆ ಪಾಸಾದ ಮರುದಿನ ಮಾತ್ರ ಯಾರ ನೆರವೂ ಇಲ್ಲದೆ ಅಲ್ಲಿಗೆ ಹೋಗಬಹುದಿತ್ತು. ಈ ವಿಪರ್ಯಾಸ ಅರಿವಾಗಿ, 2018ರ ಜೂನ್‌ನಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್ ಹಾಗೂ ವೇಲ್ಸ್‌ನಲ್ಲಿ ಮಾನ್ಯತೆ ಪಡೆದ ಬೋಧಕರ ಜತೆ, ಎರಡೂ ಕಡೆ ಬ್ರೇಕ್ ಇರುವ ಕಾರಿನಲ್ಲಿ ಕಲಿಯಲು ಅವಕಾಶ ಕೊಟ್ಟರು.

ನಮ್ಮಲ್ಲಿಯೂ ದಾರಿ ಪೂರ್ತಿ ಮುಚ್ಚಿಲ್ಲ. 2021ರಲ್ಲಿ ಜಾರಿಗೆ ಬಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮದಲ್ಲಿ ಲಘು ವಾಹನಕ್ಕೆ 29 ಗಂಟೆಗಳ ಪಠ್ಯವಿದ್ದು, ಹೆದ್ದಾರಿ ಚಾಲನೆಯೂ ಅದರಲ್ಲಿದೆ. ಆದರೆ ಬೀದಿ ಬೀದಿಯಲ್ಲಿರುವ ಸಾಮಾನ್ಯ ಶಾಲೆಗಳಲ್ಲಿ ಕಲಿಯುವವರಿಗೆ ಅದು ಕಡ್ಡಾಯವಲ್ಲ.

ಕಲಿಯುವವರನ್ನು ಹೆದ್ದಾರಿಗೆ ಬಿಟ್ಟರೆ ಇತರರಿಗೆ ಅಪಾಯವಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ನನ್ನಂಥವರು ಈಗಲೂ ಅಲ್ಲಿ ಓಡಿಸುತ್ತಲೇ ಇದ್ದೇವೆ, ಪಕ್ಕದಲ್ಲಿ ಬೋಧಕರಿಲ್ಲ ಅಷ್ಟೆ. ಹತ್ತಿಪ್ಪತ್ತು ವರ್ಷ ಅನುಭವವಿರುವವರೇ ಎದುರು ದಿಕ್ಕಿನಿಂದ ನುಗ್ಗುವುದಿಲ್ಲವೇ ಎಂಬ ಮಾತೂ ನಿಜ. ಅವರೂ ಒಮ್ಮೆ ಹೊಸಬರೇ ಆಗಿದ್ದರು. ಮೊದಲ ದಿನ ತಿದ್ದದ ತಪ್ಪು ಇಂದು ಅಭ್ಯಾಸವಾಗಿದೆ.

ಪರವಾನಗಿ ಕೊಡುವ ಮುನ್ನ ಬೋಧಕರೊಂದಿಗೆ ಎರಡು ಗಂಟೆಗಳ ಹೆದ್ದಾರಿ ಪಾಠವನ್ನು, ಅದರಲ್ಲಿ ಒಂದನ್ನಾದರೂ ಕತ್ತಲಾದ ಮೇಲೆ, ಸರ್ಕಾರ ಕಡ್ಡಾಯ ಮಾಡಲಿ. ಹೆದ್ದಾರಿಯಿಂದ ದೂರವಿರುವ ಊರುಗಳಲ್ಲಿ ಸಮೀಪದ ನಾಲ್ಕು ಪಥದ ರಸ್ತೆಯನ್ನು ಬಳಸಲಿ. ಸಾವಿರಾರು ಕೋಟಿ ರೂಪಾಯಿ ಸುರಿದು ರಸ್ತೆ ಕಟ್ಟುವ ನಾಡಿಗೆ ಇದು ಹೊರೆಯಾಗದು.

ಅಲ್ಲಿಯವರೆಗೆ ನಮ್ಮ ಪಾಲಿನ ಕೆಲಸ ನಾವೇ ಮಾಡಿಕೊಳ್ಳಬೇಕು. ಮಗನಿಗೋ ಮಗಳಿಗೋ ಪರವಾನಗಿ ಬಂದ ಸಂಭ್ರಮದಲ್ಲಿ ಕೀಲಿ ಕೊಟ್ಟು ಕಳುಹಿಸುವ ಬದಲು, ಅನುಭವಿಯೊಬ್ಬರು ಪಕ್ಕದಲ್ಲಿ ಕುಳಿತು ಹಗಲು ಹೊತ್ತಿನಲ್ಲಿ, ದಟ್ಟಣೆ ಕಡಿಮೆಯಿರುವಾಗ ನಾಲ್ಕು ಸಲವಾದರೂ ಹೋಗಿಬರಲಿ. ನಾನು ಆ ದಿನ ಮಂಡ್ಯದಲ್ಲಿ ಇಳಿದು, ಹಳೆಯ ರಸ್ತೆಯಲ್ಲಿ ಮದ್ದೂರಿಗೆ ಮರಳುವಾಗ ಊಟದ ಪಂಕ್ತಿ ಎದ್ದಿತ್ತು. ತಡವೇಕಾಯಿತೆಂದು ಎಲ್ಲರೂ ಕೇಳಿದರು. ದಾರಿ ತಪ್ಪಿತು ಎಂದಷ್ಟೇ ಹೇಳಿದೆ. ರಿವರ್ಸ್ ಗೇರಿನ ವಿಷಯ ಹೇಳುವ ಧೈರ್ಯ ಬಂದದ್ದು ಈಗ.