ಸೋರಿಕೆಯನ್ನೇ ಬೆಳೆಯಾಗಿಸುವ ಹಟ

ಪಾಚಿಯಿಂದ ಜಲಜನಕ ತೆಗೆಯುವ ಆಸೆ ಅಷ್ಟು ಸುಲಭಕ್ಕೆ ಬತ್ತುವಂಥದ್ದಲ್ಲ. ನೀರು, ಗಾಳಿ, ಬಿಸಿಲು, ಚಿಟಿಕೆ ಲವಣ ಇದ್ದರೆ ಬದುಕಿಕೊಳ್ಳುವ ಜೀವಿ ಅದು. ಅದು ಬಿಡುವ ಅನಿಲ ಉರಿದರೆ ಉಳಿಯುವುದು ಮತ್ತೆ ನೀರೇ. 1974ರಲ್ಲಿ ಬೆನೆಮನ್ ಮತ್ತು ವಿಯರ್ ಎಂಬಿಬ್ಬರು ಸಂಶೋಧಕರು ಅನಬೀನ ಸಿಲಿಂಡ್ರಿಕ ಎಂಬ ನೀಲಿ-ಹಸಿರು ಪಾಚಿಯನ್ನು ಆರ್ಗಾನ್ ಅನಿಲದಲ್ಲಿಟ್ಟು ಬೆಳಕು ಬಿಟ್ಟರು. ಪಾಚಿ ಆಮ್ಲಜನಕವನ್ನೂ ಜಲಜನಕವನ್ನೂ ಒಟ್ಟೊಟ್ಟಿಗೇ ಬಿಟ್ಟಿತು. ಅದರ ಹಿಂದಿನ ವರ್ಷವಷ್ಟೇ ಕಚ್ಚಾತೈಲದ ಬೆಲೆ ಜಗತ್ತಿನ ನಿದ್ದೆಗೆಡಿಸಿತ್ತು, ಹಾಗಾಗಿ ಆಸೆಗೆ ಕಾಲವೂ ಕೂಡಿಬಂತು. ಅರ್ಧ ಶತಮಾನ ಕಳೆದರೂ ಈ ಜಲಜನಕ ಪ್ರಯೋಗಾಲಯದ ಹೊಸ್ತಿಲು ದಾಟಿ ಮಾರುಕಟ್ಟೆಗೆ ಬಂದಿಲ್ಲ. ಹಣ ಸಾಲಲಿಲ್ಲ, ತಂತ್ರಜ್ಞಾನ ಬಲಿಯಲಿಲ್ಲ ಎನ್ನುವವರಿದ್ದಾರೆ. ಆ ಜೀವಿಯಿಂದ ನಾವು ಕೇಳುತ್ತಿರುವುದೇ ಸಲ್ಲದ ವಸ್ತು ಎಂಬುದು ನನ್ನ ವಾದ.

ಪಾಚಿಗೆ ಜಲಜನಕ ಬೇಕಾಗಿಯೇ ಇಲ್ಲ, ಅದಕ್ಕೆ ಬೇಕಿರುವುದು ಸಾರಜನಕ. ಗಾಳಿಯಲ್ಲಿ ಶೇ 78 ಪಾಲು ಅದೇ ಇದ್ದರೂ ಅದರ ಅಣುವಿನ ಗಂಟು ಬಿಡಿಸುವುದು ಕೆಲವೇ ಸೂಕ್ಷ್ಮಜೀವಿಗಳಿಗೆ ಗೊತ್ತು. ನೈಟ್ರೋಜಿನೇಸ್ ಎಂಬ ಕಿಣ್ವ ಆ ಕೆಲಸ ಮಾಡುತ್ತದೆ. ಒಂದು ಸಾರಜನಕ ಅಣುವನ್ನು ಎರಡು ಅಮೋನಿಯ ಅಣುಗಳಾಗಿಸಲು ಅದು ಎಂಟು ಎಲೆಕ್ಟ್ರಾನ್‌ಗಳನ್ನು ಬಳಸುತ್ತದೆ, ಜೀವಕೋಶದ ಶಕ್ತಿನಾಣ್ಯವಾದ ಎಟಿಪಿಯನ್ನು ಹದಿನಾರರಷ್ಟು ಖರ್ಚು ಮಾಡುತ್ತದೆ. ಆ ಎಂಟರಲ್ಲಿ ಎರಡು ಎಲೆಕ್ಟ್ರಾನ್‌ಗಳು ಮಾತ್ರ ಅಮೋನಿಯಕ್ಕೆ ಹೋಗದೆ ಜಲಜನಕವಾಗಿ ಹೊರಬೀಳುತ್ತವೆ. ನಮ್ಮ ಕನಸೆಲ್ಲ ನಿಂತಿರುವುದು ಈ ಸೋರಿಕೆಯ ಮೇಲೆ.

ಈ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಟ್ಟೇ ಹೋಗುತ್ತದೆ. ಪಾಚಿಯೋ ದ್ಯುತಿಸಂಶ್ಲೇಷಣೆಯಲ್ಲಿ ಹಗಲಿಡೀ ಆಮ್ಲಜನಕ ಉಗುಳುವ ಜೀವಿ. ಅನಬೀನ ಇದಕ್ಕೆ ಕಂಡುಕೊಂಡ ಉಪಾಯ ಬೆರಗಿನದು. ಮಣಿಸರದಂಥ ಎಳೆಯಲ್ಲಿ ಹತ್ತಿಪ್ಪತ್ತು ಕೋಶಗಳಿಗೊಂದು ಕೋಶ ತನ್ನ ಸ್ವರೂಪವನ್ನೇ ಬದಲಿಸಿಕೊಳ್ಳುತ್ತದೆ. ಗೋಡೆ ದಪ್ಪವಾಗುತ್ತದೆ, ನೀರು ಒಡೆದು ಆಮ್ಲಜನಕ ಬಿಡುವ ಯಂತ್ರವನ್ನು ಅದು ನಿಲ್ಲಿಸಿಬಿಡುತ್ತದೆ, ಮತ್ತೆಂದೂ ವಿಭಜನೆಯಾಗುವುದಿಲ್ಲ. ಹೆಟೆರೊಸಿಸ್ಟ್ ಎಂಬ ಈ ಕೋಶ ನೆರೆಯ ಕೋಶಗಳಿಂದ ಸಕ್ಕರೆ ಪಡೆದು, ಅವಕ್ಕೆ ಸಾರಜನಕದ ಸಂಯುಕ್ತ ಕೊಡುತ್ತದೆ. ಸೋರುವ ಜಲಜನಕವನ್ನೂ ಅದು ಸುಮ್ಮನೆ ಬಿಡುವುದಿಲ್ಲ: ಅದನ್ನು ಮತ್ತೆ ಹೀರಿ ಶಕ್ತಿ ವಾಪಸು ಪಡೆಯಲು ಹೈಡ್ರೋಜಿನೇಸ್ ಎಂಬ ಇನ್ನೊಂದು ಕಿಣ್ವವಿದೆ.

ಈಗ ಸಂಶೋಧಕರು ಏನು ಮಾಡುತ್ತಾರೆ ನೋಡಿ. ಮೊದಲು ಆ ಹೀರುವ ಕಿಣ್ವದ ಜೀನನ್ನು ಕೆಡಿಸುತ್ತಾರೆ. ಜಪಾನಿನಲ್ಲಿ, ರಷ್ಯಾದಲ್ಲಿ ಇಂಥ ತಳಿಗಳನ್ನು ಪರೀಕ್ಷಿಸಿದ್ದಾರೆ. ಮೂಲ ತಳಿಗಿಂತ ಹಲವು ಪಟ್ಟು ಜಲಜನಕ ಬಂದದ್ದೂ ನಿಜ. ಎರಡನೆಯದಾಗಿ ಗಾಳಿಯ ಸಾರಜನಕ ತೆಗೆದು ಆರ್ಗಾನ್ ತುಂಬುತ್ತಾರೆ. ಹಿಡಿಯಲು ಸಾರಜನಕವಿಲ್ಲದ ಕಿಣ್ವ ಎಲ್ಲ ಎಲೆಕ್ಟ್ರಾನ್‌ಗಳನ್ನೂ ಜಲಜನಕಕ್ಕೇ ಸುರಿಯುತ್ತದೆ, ಅತ್ತ ಜೀವಿ ಹಸಿವಿನಿಂದ ಬಳಲುತ್ತದೆ. ಬೆಳಕು ಹಿಡಿಯುವ ತನ್ನದೇ ನೀಲಿ ಪ್ರೋಟೀನನ್ನು ಒಡೆದು ತಿನ್ನತೊಡಗಿ ಹಳದಿಗೆ ತಿರುಗುತ್ತದೆ. ಸಗಣಿಗಾಗಿ ಎಮ್ಮೆ ಕಟ್ಟಿ, ಹಾಲು ಬತ್ತಿಸಿ, ಮೇವನ್ನೂ ನಿಲ್ಲಿಸಿದ ಬುದ್ಧಿವಂತಿಕೆ ಇದು.

ಒಪ್ಪಬೇಕಾದ ಮಾತೂ ಇದೆ. ಎಟಿಪಿ ಸುಟ್ಟು ನಡೆಯುವುದರಿಂದ ನೈಟ್ರೋಜಿನೇಸಿನ ಕೆಲಸ ಹಿಮ್ಮುಖವಾಗುವುದಿಲ್ಲ. ಸುತ್ತ ಜಲಜನಕ ಶೇಖರವಾದರೂ ಅದು ಇನ್ನಷ್ಟು ಮಾಡುತ್ತಲೇ ಇರುತ್ತದೆ. ಸೌರಫಲಕ ತನ್ನ ಮರಿ ಹಾಕುವುದಿಲ್ಲ, ಪಾಚಿ ಹಾಕುತ್ತದೆ. 2010ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಹಿಮಾದ್ರಿ ಪಕ್ರಸಿಯವರ ತಂಡ ಸಯನೋಥೀಸ್ ಎಂಬ ಏಕಕೋಶ ಜೀವಿಯಿಂದ ಅದುವರೆಗೆ ಕಾಣದ ವೇಗದಲ್ಲಿ ಜಲಜನಕ ಪಡೆಯಿತು. ಹಗಲು ಸಕ್ಕರೆ ಕೂಡಿಡುವುದು, ರಾತ್ರಿ ಅದನ್ನು ಕರಗಿಸಿ ಸಾರಜನಕ ಹಿಡಿಯುವುದು ಅದರ ರೂಢಿ. ಸುದ್ದಿ ಸಂಭ್ರಮದ್ದೇ, ಆದರೆ ಅತಿ ಹೆಚ್ಚಿನ ವೇಗ ಬಂದದ್ದು ಗ್ಲಿಸರಾಲ್ ಉಣಿಸಿದಾಗ. ಗ್ಲಿಸರಾಲ್ ಬಿಸಿಲಿನಂತೆ ಪುಕ್ಕಟೆ ಸಿಗುವುದಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಒಳ್ಳೆಯ ಬಿಸಿಲಿನ ನಾಡಿನಲ್ಲಿ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಯೂನಿಟ್ ಶಕ್ತಿ ಬೀಳುತ್ತದೆ. ಒಂದು ಕಿಲೊ ಜಲಜನಕದಲ್ಲಿರುವುದು ಸುಮಾರು 33 ಯೂನಿಟ್. ಬಯಲಿನಲ್ಲಿ ಪಾಚಿ ಬಿಸಿಲಿನ ಶೇ 1ರಷ್ಟನ್ನಾದರೂ ಜಲಜನಕವಾಗಿಸುವುದು ಕಷ್ಟ. ಉದಾರವಾಗಿ ಅಷ್ಟು ಕೊಟ್ಟರೂ ಎಕರೆಗೆ ದಿನಕ್ಕೆ 6 ಕಿಲೊ ಬಂತು. ಅದೇ ಎಕರೆಯ ಅರ್ಧಕ್ಕಷ್ಟೇ ಸೌರಫಲಕ ಹೊದಿಸಿ, ಆ ವಿದ್ಯುತ್ತಿನಿಂದ ನೀರು ಒಡೆದರೆ 35 ಕಿಲೊ ದಾಟುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಹಸಿರು ಜಲಜನಕ ಯೋಜನೆಯ ಗುರಿ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್. ಪಾಚಿಯಿಂದ ಅಷ್ಟು ಬೇಕೆಂದರೆ ಸುಮಾರು 23 ಲಕ್ಷ ಎಕರೆ ಕೊಳ ಬೇಕು, ಅದೂ ಗಾಳಿಯಾಡದಂತೆ ಗಾಜು ಮುಚ್ಚಿದ ಕೊಳ. ಆ ಗಾಜಿನಡಿ ಕೂಡುವುದಾದರೂ ಏನು? ಜಲಜನಕ, ಆಮ್ಲಜನಕಗಳ ಮಿಶ್ರಣ. ಪಾಚಿ ತನ್ನ ಎಳೆಯೊಳಗೆ ಇವೆರಡನ್ನೂ ಬೇರೆಬೇರೆ ಇಟ್ಟರೂ ನಮ್ಮ ತೊಟ್ಟಿಯಲ್ಲಿ ಅವು ಒಂದಾಗುತ್ತವೆ. ಒಂದು ಕಿಡಿ ಸಾಕು.

ಹೆಚ್ಚು ಸೋಜಿಗದ್ದು ಇನ್ನೊಂದು. ನಮ್ಮ ದೇಶದಲ್ಲಿ ಜಲಜನಕ ಬಹುಪಾಲು ಹೋಗುವುದು ತೈಲ ಶುದ್ಧೀಕರಣಕ್ಕೆ ಮತ್ತು ರಸಗೊಬ್ಬರಕ್ಕೆ. ಯೂರಿಯಾದಂಥ ರಸಗೊಬ್ಬರದ ಮೂಲವೆಂದರೆ, ಆ ಜಲಜನಕವನ್ನು ಭಾರೀ ಒತ್ತಡ, ನೂರಾರು ಡಿಗ್ರಿ ಶಾಖದಲ್ಲಿ ಗಾಳಿಯ ಸಾರಜನಕದೊಡನೆ ಕೂಡಿಸಿ ಮಾಡಿದ ಅಮೋನಿಯ. ಪಾಚಿ ಗದ್ದೆಯ ನೀರಿನಲ್ಲಿ, ಮಾಮೂಲಿ ಬಿಸಿಯಲ್ಲಿ ಮಾಡುತ್ತಿದ್ದ ವಸ್ತುವೇ ಅದು! ಅದರ ಅಮೋನಿಯ ನಿಲ್ಲಿಸಿ ಜಲಜನಕ ಹಿಂಡಿ, ಅದೇ ಜಲಜನಕದಿಂದ ಕಾರ್ಖಾನೆಯಲ್ಲಿ ಅಮೋನಿಯ ಮಾಡುವುದು ಯಾವ ಜಾಣತನ?

ಭತ್ತದ ಗದ್ದೆ ವರ್ಷವರ್ಷವೂ ಗೊಬ್ಬರವಿಲ್ಲದೆ ಫಲವತ್ತಾಗಿ ಉಳಿಯುವುದಕ್ಕೆ ನೀಲಿ-ಹಸಿರು ಪಾಚಿ ಕಾರಣವೆಂದು ವಿಜ್ಞಾನಿ ಪಿ. ಕೆ. ಡೇ 1939ರಲ್ಲೇ ಹೇಳಿದ್ದರು. ಬನಾರಸಿನಲ್ಲಿ ಆರ್. ಎನ್. ಸಿಂಗ್ ಎಂಬ ಇನ್ನೊಬ್ಬ ವಿಜ್ಞಾನಿ ಚೌಳು ನೆಲವನ್ನು ಇದೇ ಪಾಚಿಯಿಂದ ಹದಕ್ಕೆ ತಂದರು. ಹೆಕ್ಟೇರಿಗೆ ಒಂದು ಬೆಳೆಗೆ 20ರಿಂದ 30 ಕಿಲೊ ಸಾರಜನಕ ಸಿಗುತ್ತದೆಂಬುದು ಕೃಷಿ ವಿಜ್ಞಾನಿಗಳು ಸಾಮಾನ್ಯವಾಗಿ ಕೊಡುವ ಅಂದಾಜು. ನಮ್ಮ ಹಳ್ಳಿಗಳಲ್ಲಿ ದನಕ್ಕೆ ಹಾಕುವ ಅಜೋಲಾದ ಎಲೆಯೊಳಗೆ ಕೂತಿರುವುದೂ ಈ ಅನಬೀನದ ಬಂಧುವೇ. ಆದರೂ ಪಾಚಿಗೊಬ್ಬರ ರೈತರಲ್ಲಿ ಬೇರೂರಲಿಲ್ಲ. ಸಹಾಯಧನದ ಯೂರಿಯಾ 45 ಕಿಲೊ ಚೀಲಕ್ಕೆ ತೆರಿಗೆ, ಬೇವಿನ ಲೇಪದ ಖರ್ಚು ಬಿಟ್ಟು 242 ರೂಪಾಯಿಗೆ ಸಿಗುವಾಗ ಪಾಚಿ ಬೆಳೆಸುವ ತಾಪತ್ರಯ ಯಾರಿಗೆ ಬೇಕು?

ಹೀಗೆಂದು ಗದ್ದೆಯಲ್ಲಿ ಎಲ್ಲವೂ ಸಲೀಸು ಎನ್ನಲಾರೆ. ಮಾಡಿದ ಅಮೋನಿಯವನ್ನು ಹೊರಗೆ ಬಿಡುವ ಅನಬೀನ ತಳಿಗಳನ್ನು 1980ರ ದಶಕದಲ್ಲೇ ರೂಪಿಸಿ, ಭತ್ತದ ಸಸಿಗಳೊಂದಿಗೆ ಬೆಳೆಸಿ ನೋಡಿದ್ದಾರೆ. ಗಳಿಸಿದ್ದನ್ನು ಹಂಚಿಬಿಡುವ ತಳಿ ಬಯಲಿನಲ್ಲಿ ಕಾಡು ತಳಿಯೆದುರು ಸೋಲುವ ಸಂಭವವೇ ಹೆಚ್ಚು. ಜಲಜನಕ ಸೋರಲು ಬಿಡುವ ತಳಿಗೂ ಇದೇ ಗತಿ. ಅದಕ್ಕೇ ಅದು ಗಾಜಿನಾಚೆ ಬದುಕಲಾರದು. ಅಮೋನಿಯದ ತಳಿಯನ್ನು ಮಾತ್ರ ಪ್ರತಿ ಹಂಗಾಮಿಗೂ ಬಿತ್ತನೆಯಂತೆ ಹೊಸದಾಗಿ ಗದ್ದೆಗೆ ಬಿಡಬಹುದು, ಸೋಲುವ ಮುನ್ನ ಕೆಲವು ವಾರ ಅದು ದುಡಿದರೂ ಪೈರಿಗೆ ಲಾಭವೇ. ಸಂಶೋಧನೆಗೆ ಹಣ ಹಂಚುವ ಅಧಿಕಾರ ನನ್ನ ಕೈಗೆ ಬಂದರೆ ಜಲಜನಕದ ಬಾಬ್ತಿನಲ್ಲಿ ಅರ್ಧ ಕಡಿದು ಆ ಕೆಲವು ವಾರಗಳನ್ನು ಎಷ್ಟು ಲಂಬಿಸಬಹುದೆಂದು ನೋಡುವವರಿಗೆ ಕೊಡುತ್ತೇನೆ.